ಜೊತೆಗಿದ್ದು ಉಳಿಯುವುದೋ, ಅಗಲಿ ಉಳಿಯುವುದೋ

1942ರ ಆಗಸ್ಟ್ ಕೊನೆಯ ವಾರ. ಫ್ರಾನ್ಸಿನ ಲಿಯೋನ್ ನಗರದ ಪಕ್ಕದ ವೆನಿಸ್ಯೂ ಎಂಬಲ್ಲಿ ಒಂದು ಶಿಬಿರದೊಳಗೆ ಸಾವಿರದಷ್ಟು ವಿದೇಶಿ ಯಹೂದಿಗಳನ್ನು ಕೂಡಿಹಾಕಲಾಗಿತ್ತು. ಜರ್ಮನರಿಗೆ ಒಪ್ಪಿಸಲು ಅವರನ್ನು ಹಿಡಿದು ತಂದವರು ಫ್ರಾನ್ಸಿನದೇ ಪೊಲೀಸರು. ಶಿಬಿರದೊಳಗೆ ಓಡಾಡಲು ಅವಕಾಶ ಪಡೆದಿದ್ದ ಪರಿಹಾರ ಕಾರ್ಯಕರ್ತರಿಗೆ ಸರ್ಕಾರಿ ನಿಯಮಗಳ ನಡುವೆ ಒಂದು ಸಂದು ಕಾಣಿಸಿತು. ತಂದೆತಾಯಿ ಜೊತೆಗಿಲ್ಲದ ಮಕ್ಕಳನ್ನು ಸಾಗಿಸುವಂತಿರಲಿಲ್ಲ. ಹಾಗಾದರೆ ಮಕ್ಕಳು ಉಳಿಯಲು ತಂದೆತಾಯಿ ಇದ್ದೂ ಇಲ್ಲದವರಾಗಬೇಕು. ಕಾರ್ಯಕರ್ತರು ರಾತ್ರಿಯೆಲ್ಲ ಒಂದೊಂದೇ ಕುಟುಂಬದ ಬಳಿ ಹೋಗಿ, ಮಕ್ಕಳ ಮೇಲಿನ ಹಕ್ಕನ್ನು ಬಿಟ್ಟುಕೊಡುತ್ತೇವೆ ಎಂಬ ಕಾಗದಕ್ಕೆ ಸಹಿ ಕೇಳಿದರು. ಬೆಳಗಾಗುವಷ್ಟರಲ್ಲಿ 108 ಮಕ್ಕಳು ಹೊರಬಿದ್ದರು. ಆ ಮಕ್ಕಳನ್ನು ಮರಳಿ ಒಪ್ಪಿಸಿ ಎಂದು ಅಧಿಕಾರಿಗಳು ಆಮೇಲೆ ಒತ್ತಾಯಿಸಿದಾಗ ಲಿಯೋನಿನ ಕ್ಯಾಥೊಲಿಕ್ ಕಾರ್ಡಿನಲ್ ಗೆರ್ಲಿಯೆ ಒಪ್ಪಲಿಲ್ಲ. ಸಹಿ ಹಾಕಿದ ತಂದೆತಾಯಿಯರ ರೈಲು ಡ್ರಾನ್ಸಿ ಶಿಬಿರದ ದಾರಿಯಾಗಿ ಆಶ್ವಿಟ್ಸ್ ಎಂಬ ನಾಜಿ ಕೊಲೆಶಿಬಿರಕ್ಕೆ ಹೋಯಿತು.

ಆ ರಾತ್ರಿ ಸಹಿ ಹಾಕಿದವರನ್ನಾಗಲಿ, ಹಾಕಲು ಕೈಬಾರದೆ ಮಕ್ಕಳನ್ನು ತಬ್ಬಿ ಕುಳಿತಿರಬಹುದಾದವರನ್ನಾಗಲಿ ಅಳೆಯುವ ಅಧಿಕಾರ ನಮಗಿಲ್ಲ. ಆದರೂ ಅವರ ಎದುರಿಗೆ ಬಂದ ಪ್ರಶ್ನೆಯನ್ನು ದೂರವಿಟ್ಟು ಸುಮ್ಮನಿರಲಾಗದು. ಒಂದು ಜನಾಂಗವನ್ನೇ ಬೇಟೆಯಾಡುವ ಕಾಲದಲ್ಲಿ ಕುಟುಂಬ ಒಟ್ಟಿಗಿದ್ದರೆ ಬದುಕುವ ಸಂಭವ ಹೆಚ್ಚೋ, ಚದುರಿದರೆ ಹೆಚ್ಚೋ? ಬದುಕುವುದೆಂದರೆ ಉಸಿರಾಡುತ್ತಿರುವುದಷ್ಟೇಯೋ, ಇಂಥವರ ಮಗ, ಇಂಥವರ ಮಗಳು ಎಂದು ಉಳಿಯುವುದೂ ಅದರಲ್ಲಿ ಸೇರಿದೆಯೋ? ಯಹೂದಿಗಳ ನಡುವೆಯೇ ಇದಕ್ಕೆ ಎರಡು ಉತ್ತರಗಳಿದ್ದವು. ಎರಡೂ ಕಡೆ ನಿಂತವರು ಪ್ರಾಮಾಣಿಕರು, ಬಹುಪಾಲು ತಾವೇ ನೊಂದವರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಓದುಗರಿಗೆ ಈ ಪ್ರಶ್ನೆ ತೀರ ಪರದೇಶದ್ದೇನೂ ಅಲ್ಲ. ಈ ಐದೂ ತಾಲ್ಲೂಕುಗಳು ಇಂದು ಕಲ್ಯಾಣ ಕರ್ನಾಟಕದ ಲೆಕ್ಕಕ್ಕೆ ಸೇರಿದ್ದರೂ 1947-48ರಲ್ಲಿ ಹೈದರಾಬಾದಿನ ನಿಜಾಮರ ಆಡಳಿತದಲ್ಲಿರಲಿಲ್ಲ. 1800ರಲ್ಲೇ ಕಂಪನಿಯ ಕೈಗೆ ಬಂದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ಆಚೆ ದಡದ ಕೊಪ್ಪಳ ಸೀಮೆ ಮಾತ್ರ ನಿಜಾಮರ ರಾಯಚೂರು ಜಿಲ್ಲೆಯದು. ಅಲ್ಲಿ ನಿಜಾಮರ ಪರದ ರಜಾಕಾರ ಪಡೆಯ ಹಾವಳಿ ಏರಿದಾಗ ಜನ ನದಿಯನ್ನೂ ಗಡಿಯನ್ನೂ ದಾಟಿ ಬಂದರು. ಬೀಗರ ಮನೆ, ನೆಂಟರ ಮನೆ, ಹೆಣ್ಣುಮಕ್ಕಳ ತವರು, ಎಲ್ಲಿ ಸಂಬಂಧವಿತ್ತೋ ಅಲ್ಲಿಗೆ ಹೋದರು. ಗಂಡಸರಲ್ಲಿ ಹಲವರು ಮುಂಡರಗಿ, ಗಜೇಂದ್ರಗಡದಂಥ ಗಡಿ ಶಿಬಿರಗಳನ್ನು ಸೇರಿದರು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿ. ಹೊಲ, ದನಕರು ನೋಡಿಕೊಳ್ಳಲು ಯಾರಾದರೂ ಊರಲ್ಲೇ ಉಳಿಯಬೇಕಾಗುತ್ತಿತ್ತು, ಆ ಪಾಲು ಸಾಮಾನ್ಯವಾಗಿ ವಯಸ್ಸಾದವರದು. ಯಾರು ಹೋಗಬೇಕು, ಯಾರು ಇರಬೇಕು, ಕೂಸನ್ನು ಹರಿಗೋಲಿನಲ್ಲಿ ಯಾರ ಮಡಿಲಿಗೆ ಕೊಟ್ಟು ಕಳಿಸಬೇಕು ಎಂಬುದು ಆ ದಡದ ಮನೆಗಳ ನಿತ್ಯದ ತೀರ್ಮಾನವಾಗಿತ್ತು.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ನ್ಯಾಯ. ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ನಾಜಿ ಯಂತ್ರ ಬೇರೆ, ರಜಾಕಾರರ ದೌರ್ಜನ್ಯ ಬೇರೆ. ಮೇಲಾಗಿ ನಮ್ಮ ಕಡೆಯ ಕಥೆ ನಿಜಾಮರು ಭಾರತಕ್ಕೆ ಮಣಿದ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯುವುದೂ ಇಲ್ಲ. ಭಾರತ ಸರ್ಕಾರದ ಆ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಆಗ ಮಕ್ಕಳನ್ನು ಬಚ್ಚಿಡುವ ಸರದಿ ಇನ್ನೊಂದು ಕಡೆಯ ತಾಯಂದಿರದಾಯಿತು. ಕುಟುಂಬದ ಮುಂದಿನ ಪ್ರಶ್ನೆ ಎರಡು ಸಲವೂ ಒಂದೇ ಆಗಿತ್ತು ಎಂಬಷ್ಟಕ್ಕೆ ಮಾತ್ರ ಇಲ್ಲಿ ಅದರ ಪ್ರಸ್ತಾಪ.

ಅಗಲಬೇಕು ಎನ್ನುವವರ ವಾದವನ್ನು ಮೊದಲು ಕೇಳೋಣ. ಅವರ ಕೈಯಲ್ಲಿರುವ ಮೊದಲ ಆಧಾರ ಲೆಕ್ಕ. 1938ರ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟ ಮೇಲೆ ಬ್ರಿಟಿಷ್ ಸರ್ಕಾರ 17 ವರ್ಷದೊಳಗಿನ ಮಕ್ಕಳಿಗೆ ಬಾಗಿಲು ತೆರೆಯಿತು. ಡಿಸೆಂಬರ್ 2ರಂದು ಮೊದಲ ತಂಡ ಹಾರ್ವಿಚ್ ಬಂದರಿಗೆ ಬಂತು. ಯುದ್ಧ ಶುರುವಾಗುವವರೆಗಿನ ಒಂಬತ್ತು ತಿಂಗಳಲ್ಲಿ ಹಾಗೆ ಬಂದ ಮಕ್ಕಳು ಸುಮಾರು 10,000. ಕೊರಳಲ್ಲಿ ನಂಬರಿನ ಚೀಟಿ, ಕೈಯಲ್ಲಿ ಒಂದು ಪೆಟ್ಟಿಗೆ. ಒಡವೆ ಒಯ್ಯುವಂತಿಲ್ಲ, ಹಣ ಹತ್ತು ಮಾರ್ಕಿಗಿಂತ ಹೆಚ್ಚಿರುವಂತಿಲ್ಲ. ಅವರಲ್ಲಿ ಬಹಳಷ್ಟು ಮಂದಿ ತಂದೆತಾಯಿಯ ಮುಖವನ್ನು ಮತ್ತೆ ನೋಡಲಿಲ್ಲ. ನೋಡಲಿಲ್ಲವೆಂಬುದೇ ಕಳಿಸಿದ್ದು ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಎನ್ನುತ್ತಾರೆ ಈ ಪಕ್ಷದವರು. ಜೊತೆಗಿದ್ದಿದ್ದರೆ ಸಾವೂ ಜೊತೆಯಲ್ಲೇ ಬರುತ್ತಿತ್ತು. 1939ರ ಸೆಪ್ಟೆಂಬರ್ 1ರಂದು ಪ್ರಾಗ್‌ನಿಂದ ಹೊರಡಬೇಕಿದ್ದ ರೈಲಿನಲ್ಲಿ 250 ಮಕ್ಕಳಿದ್ದರು. ಅಂದೇ ಯುದ್ಧ ಶುರುವಾಗಿ ಅದು ಹೊರಡಲಿಲ್ಲ. ಆ ಮಕ್ಕಳಲ್ಲಿ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ.

ಬ್ರೆಸ್ಲಾವ್ ನಗರದ ಒಬ್ಬ ತಂದೆಯ ಕಥೆಯನ್ನೂ ಈ ಪಕ್ಷದವರು ಹೇಳುತ್ತಾರೆ. ಮಗಳನ್ನು ರೈಲು ಹತ್ತಿಸಿದ. ಕಿಟಕಿಯಿಂದ ಅವಳ ಕೈ ಹಿಡಿದುಕೊಂಡೇ ನಿಂತ. ಗಾಡಿ ಕದಲಿತು, ಆತನ ಕೈ ಸಡಿಲವಾಗಲಿಲ್ಲ. ಗಾಡಿಯ ಜೊತೆ ನಡೆದು, ಓಡಿ, ಕೊನೆಗೆ ಆ ಕಿಟಕಿಯಿಂದಲೇ ಮಗಳನ್ನು ಹೊರಗೆಳೆದುಕೊಂಡ. ಆ ಹುಡುಗಿ ಇಂಗ್ಲೆಂಡಿಗೆ ಹೋಗುವ ಬದಲು ತೆರೆಸಿಯನ್‌ಸ್ಟಾಟ್, ಆಶ್ವಿಟ್ಸ್, ಬರ್ಗನ್-ಬೆಲ್ಸೆನ್ ಶಿಬಿರಗಳನ್ನು ಕಂಡಳು. ಬದುಕಿ ಬಂದಳು, ಮುದುಕಿಯಾದ ಮೇಲೆ ಕ್ಯಾಮೆರಾದ ಮುಂದೆ ಕೂತು ಇದನ್ನು ಹೇಳಿದಳು. ಆ ತಂದೆಯ ಪ್ರೀತಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಪ್ರೀತಿಯೇ ಅವಳನ್ನು ಎಲ್ಲಿಗೆ ತಳ್ಳಿತು ಎಂಬುದನ್ನೂ ಮರೆಮಾಚಲಾಗದು.

ಈ ವಾದವನ್ನು ಅತ್ಯಂತ ಕಟುವಾಗಿ ಮಂಡಿಸಿದವರು ಮನೋವಿಜ್ಞಾನಿ ಬ್ರೂನೊ ಬೆಟಲ್‌ಹೈಮ್. ಡಾಖಾವ್ ಮತ್ತು ಬುಖನ್‌ವಾಲ್ಡ್ ಶಿಬಿರಗಳಲ್ಲಿ ಸೆರೆಯಿದ್ದು ಬಂದ ಯಹೂದಿ ಅವರು. ದಿನಚರಿ ಬರೆದ ಹುಡುಗಿ ಆನ್ ಫ್ರಾಂಕಳ ಕುಟುಂಬದವರು ಎಲ್ಲರೂ ಒಟ್ಟಿಗೆ ಅಡಗಲು ತೀರ್ಮಾನಿಸಿದ್ದೇ ಅವರ ನಾಶಕ್ಕೆ ದಾರಿಯಾಯಿತು ಎಂದು 1960ರಲ್ಲಿ ಬರೆದರು. ಒಬ್ಬೊಬ್ಬರು ಒಂದೊಂದು ಡಚ್ ಮನೆಯಲ್ಲಿ ಅಡಗಿದ್ದರೆ ಒಂದು ಮನೆಯ ಗುಟ್ಟು ಬಯಲಾದರೂ ಉಳಿದವರು ಉಳಿಯುತ್ತಿದ್ದರು ಎಂಬುದು ಅವರ ಅಂಬೋಣ. ಮಾಮೂಲಿನ ಸಂಸಾರವನ್ನು ಹಾಗೆಯೇ ನಡೆಸಿಕೊಂಡು ಹೋಗುವ ಹಂಬಲ ಅಪಾಯವನ್ನು ಕಾಣದಂತೆ ಮಾಡಿತು ಎಂದರು. ಆಮ್‌ಸ್ಟರ್‌ಡಾಮಿನ ಆ ಅಡಗುತಾಣದಲ್ಲಿ ಎರಡು ವರ್ಷ ಕಳೆದ ಎಂಟು ಜನರಲ್ಲಿ ಉಳಿದದ್ದು ಆನ್‌ಳ ತಂದೆ ಓಟ್ಟೊ ಒಬ್ಬರೇ.

ಆಶ್ವಿಟ್ಸಿನ ರೈಲುಕಟ್ಟೆಯ ಸಂಗತಿ ಇದಕ್ಕಿಂತ ಕ್ರೂರ. ಸಣ್ಣ ಮಗುವಿನ ಕೈ ಹಿಡಿದು ಇಳಿದ ತಾಯಿಯನ್ನು ಮಗುವಿನೊಂದಿಗೆ ನೇರವಾಗಿ ಅನಿಲಕೋಣೆಯ ಸಾಲಿಗೆ ಕಳಿಸುತ್ತಿದ್ದರು. ಒಬ್ಬಳೇ ಇಳಿದ ಗಟ್ಟಿಮುಟ್ಟಾದ ತರುಣಿಗೆ ದುಡಿಮೆಯ ಸಾಲು ಸಿಗುವ ಸಂಭವವಿತ್ತು. ಸಾಮಾನು ಇಳಿಸುವ ಕೆಲಸದ ಕೈದಿಗಳು ಹೊಸದಾಗಿ ಬಂದ ತಾಯಂದಿರ ಕಿವಿಯಲ್ಲಿ, ಮಗುವನ್ನು ಅಜ್ಜಿಯ ಕೈಗೆ ಕೊಡು ಎಂದು ಪಿಸುಗುಟ್ಟುತ್ತಿದ್ದುದನ್ನು ಉಳಿದು ಬಂದವರು ಹಲವರು ಹೇಳಿದ್ದಾರೆ. ಕರುಳಿನ ಸಂಬಂಧವನ್ನೇ ಕೊಲ್ಲುವ ಸಾಧನ ಮಾಡಿಕೊಂಡ ವ್ಯವಸ್ಥೆ ಅದು. ಅಂಥದರ ಎದುರು ಒಟ್ಟಿಗಿರುವುದೇ ಧರ್ಮ ಎಂದು ಹೇಳುವುದು ಸುಲಭವಲ್ಲ.

ಆದರೂ ಒಟ್ಟಿಗಿರಬೇಕು ಎನ್ನುವವರ ಪಕ್ಷ ಬರಿಯ ಭಾವುಕತೆಯ ಮೇಲೆ ನಿಂತದ್ದಲ್ಲ. ಅವರಿಗೂ ಲೆಕ್ಕವಿದೆ. 1943ರ ಅಕ್ಟೋಬರಿನಲ್ಲಿ ಡೆನ್ಮಾರ್ಕಿನ 7,000ಕ್ಕೂ ಹೆಚ್ಚು ಯಹೂದಿಗಳು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿದರು. ಬಹುಪಾಲು ಮಂದಿ ಮನೆಮಂದಿಯೊಂದಿಗೇ ಹೋದರು. ಬೆಲಾರೂಸಿನ ನಾಲಿಬೊಕಿ ಕಾಡಿನಲ್ಲಿ ಬೀಲ್‌ಸ್ಕಿ ಸೋದರರು ಕಟ್ಟಿದ ಗೆರಿಲ್ಲಾ ಪಡೆ ಬಂದೂಕು ಹಿಡಿಯಬಲ್ಲವರಿಗಷ್ಟೇ ಮೀಸಲಾಗಿರಲಿಲ್ಲ. ಮುದುಕರು, ಹೆಂಗಸರು, ಮಕ್ಕಳು ಯಾರು ಬಂದರೂ ಸೇರಿಸಿಕೊಂಡಿತು. ಹೋರಾಟಕ್ಕೆ ಇದು ಭಾರ ಎಂಬ ಆಕ್ಷೇಪ ಅವರ ನಡುವೆಯೇ ಇತ್ತು. 1944ರಲ್ಲಿ ಆ ಪ್ರದೇಶ ಬಿಡುಗಡೆಯಾದಾಗ ಆ ಕಾಡಿನಿಂದ ಜೀವಂತ ಹೊರಬಂದವರು ಸುಮಾರು 1,200. ಒಟ್ಟಿಗಿದ್ದರೆ ಸಾವು ನಿಶ್ಚಿತ ಎಂಬ ಸೂತ್ರವನ್ನು ಈ ಎರಡೇ ಉದಾಹರಣೆಗಳು ಅಲುಗಾಡಿಸುತ್ತವೆ.

ಬೆಟಲ್‌ಹೈಮ್ ಅವರಿಗೆ ಈ ಪಕ್ಷದವರು ಕೊಡುವ ಉತ್ತರವೂ ತೂಕದ್ದು. ಫ್ರಾಂಕ್ ಕುಟುಂಬವನ್ನು ಕೊಂದದ್ದು ಅವರ ಒಗ್ಗಟ್ಟಲ್ಲ, ಹಿಡಿದುಕೊಂಡು ಹೋದವರು. ಬೇರೆ ಬೇರೆ ಅಡಗಲು ಬೇರೆ ಬೇರೆ ಮನೆಗಳು ಬೇಕು. ಪ್ರಾಣದ ಹಂಗು ತೊರೆದು ಬಾಗಿಲು ತೆರೆಯುವ ಅಷ್ಟು ಮನೆಗಳನ್ನು ಎಲ್ಲರೂ ಎಲ್ಲಿಂದ ತರಬೇಕು? ಮನೆಗಳು ಹೆಚ್ಚಿದಷ್ಟೂ ಅಪಾಯಕ್ಕೆ ಸಿಗುವವರೂ ಹೆಚ್ಚು. ಇನ್ನು ಶಿಬಿರಗಳೊಳಗೂ ಅಕ್ಕನೋ ತಂಗಿಯೋ ತಾಯಿಯೋ ಜೊತೆಗಿದ್ದ ಹೆಂಗಸರು ರೊಟ್ಟಿಯ ತುಂಡನ್ನು ಹಂಚಿಕೊಂಡು, ಜ್ವರ ಬಂದಾಗ ಒಬ್ಬರು ಇನ್ನೊಬ್ಬರನ್ನು ಎಬ್ಬಿಸಿ ಹಾಜರಿಗೆ ನಿಲ್ಲಿಸಿ ಉಳಿಸಿಕೊಂಡ ಸಾಕ್ಷ್ಯಗಳು ಹೇರಳ. ರಕ್ತಸಂಬಂಧಿಗಳಿಲ್ಲದವರು ಅಲ್ಲೇ ಅಕ್ಕತಂಗಿಯರ ನಂಟನ್ನು ಕಟ್ಟಿಕೊಂಡರು. ಒಂಟಿಯಾಗಿದ್ದವರು ಬೇಗ ಕುಸಿದರು ಎಂಬ ಮಾತು ಆ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಮಕ್ಕಳ ಮನಸ್ಸಿನ ವಿಷಯದಲ್ಲಿ ಈ ಪಕ್ಷಕ್ಕೆ ದೊಡ್ಡ ಸಾಕ್ಷಿ ಆನಾ ಫ್ರಾಯ್ಡ್. ಸಿಗ್ಮಂಡ್ ಫ್ರಾಯ್ಡರ ಈ ಮಗಳು 1938ರಲ್ಲಿ ತಂದೆಯೊಂದಿಗೆ ವಿಯೆನ್ನಾ ಬಿಟ್ಟು ಲಂಡನ್ ಸೇರಿದವರು. ಯುದ್ಧಕಾಲದಲ್ಲಿ ಡೊರೊತಿ ಬರ್ಲಿಂಗ್‌ಹ್ಯಾಮ್ ಜೊತೆಗೂಡಿ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುವಿಹಾರಗಳನ್ನು ನಡೆಸಿದರು. ಅಲ್ಲಿ ಕಂಡದ್ದನ್ನು ಬರೆದಿಟ್ಟರು: ತಾಯಿಯ ಜೊತೆಗಿದ್ದ ಸಣ್ಣ ಮಕ್ಕಳು ಬಾಂಬಿನ ಸದ್ದನ್ನು ಸಹಿಸಿಕೊಂಡವು, ಸುರಕ್ಷಿತ ಹಳ್ಳಿಗೆ ಒಂಟಿಯಾಗಿ ಕಳಿಸಿದ ಮಕ್ಕಳನ್ನು ಆ ಅಗಲಿಕೆಯೇ ಹೆಚ್ಚು ಕೆಡವಿತು. ಆದರೆ ಅದೇ ಫ್ರಾಯ್ಡ್ ಕುಟುಂಬದ ಇನ್ನೊಂದು ಸಂಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸಿಗ್ಮಂಡ್ ಫ್ರಾಯ್ಡರ ನಾಲ್ವರು ವೃದ್ಧ ತಂಗಿಯರು ವಿಯೆನ್ನಾದಲ್ಲೇ ಉಳಿದರು. ನಾಲ್ವರೂ ನಾಜಿಗಳ ಕೈಗೆ ಸಿಕ್ಕಿ ಸತ್ತರು. ಹೊರಡುವವರ ಪಟ್ಟಿಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಒಟ್ಟಿಗಿರುವುದು ಒಳ್ಳೆಯದೆಂದು ಜಗತ್ತಿಗೆ ತೋರಿಸಿಕೊಟ್ಟವರ ಮನೆಯವರಿಗೂ ಒಟ್ಟಿಗಿರಲು ಆಗಲಿಲ್ಲ.

ಈ ಎರಡೂ ಪಕ್ಷಗಳ ಮಾತು ನಮ್ಮ ಹಳ್ಳಿಗಳಲ್ಲಿ ಪ್ರತಿವರ್ಷ ಹಾಡಾಗಿ ಕೇಳಿಬರುತ್ತದೆ ಎಂದರೆ ಕೆಲವರಿಗೆ ಅಚ್ಚರಿಯಾದೀತು. ಮೊಹರಮ್ಮಿನ ಪೀರಲ ಹಬ್ಬದ ರಾತ್ರಿ ಅಲಾಯಿ ಕುಣಿಯ ಸುತ್ತ ಹಿಂದೂ, ಮುಸ್ಲಿಂ ಎನ್ನದೆ ಜನ ಸೇರಿ ಕೇಳುವ ರಿವಾಯತು ಪದಗಳ ವಸ್ತು ಕರ್ಬಲಾದ ಕಥೆ. ಪ್ರವಾದಿಯವರ ಮೊಮ್ಮಗ ಹುಸೇನರು ಹೊರಟಾಗ ಹೆಂಗಸರು ಮಕ್ಕಳನ್ನು ಇಲ್ಲೇ ಬಿಟ್ಟು ಹೋಗು ಎಂದು ಹತ್ತಿರದವರು ಬುದ್ಧಿ ಹೇಳಿದರೆಂದು ಪರಂಪರೆ ಹೇಳುತ್ತದೆ. ಅವರು ಕೇಳಲಿಲ್ಲ, ಮನೆಮಂದಿಯನ್ನೆಲ್ಲ ಕರೆದುಕೊಂಡೇ ಹೋದರು. ಆರು ತಿಂಗಳ ಹಸುಗೂಸು ನೀರಿಲ್ಲದೆ ಒದ್ದಾಡಿ ಬಾಣಕ್ಕೆ ಬಲಿಯಾಯಿತು ಎಂಬಲ್ಲಿಗೆ ಹಾಡು ಬಂದಾಗ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಬಿಟ್ಟು ಹೋಗಬೇಕಿತ್ತು ಎನ್ನುವವರಿಗೆ ಅದೇ ಆಧಾರ. ಆದರೆ ಹುಸೇನರ ತಂಗಿ ಜೈನಬ್ ಜೊತೆಗೆ ಹೋಗದಿದ್ದರೆ, ಸೆರೆಯಾಗಿ ದೊರೆಯ ಆಸ್ಥಾನದಲ್ಲಿ ನಿಂತು ನಡೆದದ್ದನ್ನು ಹೇಳದಿದ್ದರೆ ಈ ಕಥೆ ಉಳಿಯುತ್ತಿತ್ತೇ ಎಂದು ಇನ್ನೊಂದು ಪಕ್ಷ ಕೇಳಬಹುದು. ಹಾಡುವವರು ತೀರ್ಪು ಹೇಳುವುದಿಲ್ಲ. ಎರಡನ್ನೂ ಹಾಡುತ್ತಾರೆ.

ಅಗಲಿಸಿ ಉಳಿಸುವುದರ ನಿಜವಾದ ಬೆಲೆ ಯುದ್ಧ ಮುಗಿದ ಮೇಲೆ ಗೊತ್ತಾಯಿತು. ಬಚ್ಚಿಟ್ಟ ಮಗು ಬದುಕಬೇಕಾದರೆ ತನ್ನ ಹೆಸರನ್ನು, ಭಾಷೆಯನ್ನು, ಪ್ರಾರ್ಥನೆಯನ್ನು ಮರೆಯಬೇಕಾಗಿತ್ತು. ಮರೆತದ್ದನ್ನು ಮರಳಿ ತರುವುದು ಹೇಗೆ? ಗ್ರೆನೋಬಲ್‌ನ ಫಿನಾಲಿ ಸೋದರರ ಪ್ರಕರಣದಲ್ಲಿ ಈ ಪ್ರಶ್ನೆ ಇಡೀ ಫ್ರಾನ್ಸನ್ನು ಇಬ್ಭಾಗ ಮಾಡಿತು. 1944ರಲ್ಲಿ ತಂದೆತಾಯಿಯನ್ನು ಆಶ್ವಿಟ್ಸಿಗೆ ಸಾಗಿಸಿದ ಮೇಲೆ ಇಬ್ಬರು ಪುಟ್ಟ ಹುಡುಗರನ್ನು ಆಂತುವಾನೆತ್ ಬ್ರೂನ್ ಎಂಬ ಕ್ಯಾಥೊಲಿಕ್ ಮಹಿಳೆ ಸಾಕಿದರು. ಯುದ್ಧದ ನಂತರ ಸೋದರತ್ತೆಯರು ಮಕ್ಕಳನ್ನು ಕೇಳಿದಾಗ ಕೊಡಲು ಒಪ್ಪಲಿಲ್ಲ. 1948ರಲ್ಲಿ ದೀಕ್ಷಾಸ್ನಾನ ಮಾಡಿಸಿದರು. ಕೋರ್ಟಿನ ತೀರ್ಪು ವಿರುದ್ಧವಾದಾಗ ಮಕ್ಕಳನ್ನು ಗುಟ್ಟಾಗಿ ಸ್ಪೇನಿಗೆ ದಾಟಿಸಲಾಯಿತು. ಅವರು ಬಂಧುಗಳ ಕೈ ಸೇರಿದ್ದು 1953ರಲ್ಲಿ. ಸಾಕಿದವಳ ಹಕ್ಕು ದೊಡ್ಡದೋ ನೆತ್ತರಿನ ಹಕ್ಕು ದೊಡ್ಡದೋ ಎಂದು ಪತ್ರಿಕೆಗಳು ಜಗಳವಾಡಿದವು. ದೇವಕಿಯೋ ಯಶೋದೆಯೋ ಎಂದು ಕೇಳಿ ಬೆಳೆದ ನಮಗೆ ಆ ಜಗಳದ ಎರಡೂ ಕಡೆ ಅರ್ಥವಾಗುತ್ತದೆ.

ಇದಕ್ಕೆ ಅಗಲಿಕೆಯ ಪಕ್ಷದವರ ಮರುಮಾತು ಚುಟುಕು, ಆದರೆ ತಳ್ಳಿಹಾಕಲಾಗದ್ದು. ಹೆಸರು ಮರೆತ ಮಗು ಒಂದು ದಿನ ತನ್ನ ಹೆಸರನ್ನು ಹುಡುಕಿಕೊಂಡು ಹೊರಡಬಹುದು. ಸತ್ತ ಮಗು ಹೊರಡಲಾರದು. ವಾರ್ಸಾದಲ್ಲಿ ಇರೇನಾ ಸೆಂಡ್ಲರ್ ಮತ್ತು ಜೊತೆಗಾರರು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದಿಂದ ಹೊರತಂದ ಮಕ್ಕಳ ನಿಜ ಹೆಸರು, ಹೊಸ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಗಾಜಿನ ಭರಣಿಯಲ್ಲಿಟ್ಟು ಮಣ್ಣಿನಲ್ಲಿ ಹೂತಿದ್ದರು. ಉಳಿಸುವುದಕ್ಕೂ ಗುರುತು ಕಾಯುವುದಕ್ಕೂ ವೈರವಿರಲೇಬೇಕೆಂದಿಲ್ಲ ಎಂಬುದಕ್ಕೆ ಆ ಚೀಟಿಗಳೇ ಸಾಕ್ಷಿ. ಹಾಗೆ ಬರೆದಿಡುವ ವ್ಯವಧಾನ ಎಲ್ಲ ಕಡೆ ಇರಲಿಲ್ಲ ಎಂಬುದೂ ನಿಜ. ಡೆನ್ಮಾರ್ಕಿನಲ್ಲಿಯೂ, ದೋಣಿಯಲ್ಲಿ ಅತ್ತರೆ ಎಲ್ಲರೂ ಸಿಕ್ಕಿಬೀಳುವ ಭಯದಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಸಾಕುಕುಟುಂಬಗಳ ಬಳಿ ಬಿಟ್ಟು ಹೋಗಿದ್ದರು. ಒಟ್ಟಿಗೆ ಹೋದವರ ಕಥೆಯ ಒಳಗೂ ಬಿಟ್ಟು ಹೋದವರ ಕಥೆ ಇತ್ತು.

ಈ ಎರಡರ ನಡುವೆ ಮೂರನೆಯದೊಂದು ದಾರಿ ಕೆಲವರಿಗೆ ಸಿಕ್ಕಿತು. ಅದರ ಒಂದು ಕೊನೆ ನಮ್ಮ ಬೆಂಗಳೂರಿನಲ್ಲಿತ್ತು. ಯಹೂದಿ ಮೂಲದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1933ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. 1935-36ರಲ್ಲಿ ಸಿ.ವಿ. ರಾಮನ್ ಅವರ ಕರೆಯ ಮೇರೆಗೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇಲ್ಲೇ ಉಳಿಸಿಕೊಳ್ಳಬೇಕೆಂಬ ರಾಮನ್‌ರ ಪ್ರಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೊಗೆ ಹೋದರು. ಆದರೆ ಬೆಂಗಳೂರಿನ ಆ ಪರಿಚಯ ವ್ಯರ್ಥವಾಗಲಿಲ್ಲ. ಅವರ ತಂಗಿ ಕೇಟೆಯ ಮಗ ಓಟ್ಟೊ ಕೊನಿಗ್ಸ್‌ಬರ್ಗರ್ ಬರ್ಲಿನ್ನಿನ ವಾಸ್ತುಶಿಲ್ಪಿ. 1933ರಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟ್, ಸ್ವಿಟ್ಜರ್‌ಲೆಂಡ್ ಸುತ್ತಿದ್ದವರು. ಸೋದರಮಾವನ ಪರಿಚಯದ ಬಲದಿಂದ 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಭದ್ರಾವತಿಯ ನಗರ ಯೋಜನೆ, ವಿಜ್ಞಾನ ಸಂಸ್ಥೆಯ ಆವರಣದ ಕೆಲವು ಕಟ್ಟಡಗಳು ಅವರ ಕೈಯವು. 1948ರ ಮೇಲೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಸುವ ಹೊಣೆಯೂ ಅವರ ಹೆಗಲಿಗೆ ಬಂತು.

ಇಲ್ಲಿ ಕುಟುಂಬ ಒಂದೇ ಸೂರಿನಡಿ ಉಳಿಯಲಿಲ್ಲ, ಹರಿದೂ ಹೋಗಲಿಲ್ಲ. ಮೊದಲು ದಾಟಿದವರು ಹಿಂದಿನವರಿಗೆ ಕೈಚಾಚಿದರು. ಹೊಳೆಯ ಈಚೆ ದಡದ ನೆಂಟರು ಆಚೆ ದಡದವರಿಗೆ ಮಾಡಿದ್ದೂ ಇದನ್ನೇ. ಅಗಲಿಕೆಯೇ ಇಲ್ಲಿ ಬಂಧದ ಕೆಲಸ ಮಾಡಿತು ಎಂದು ಇದನ್ನು ಹೊಗಳುವವರಿದ್ದಾರೆ. ಹೊಗಳಿಕೆಗೆ ತಕರಾರೂ ಇದೆ. ಸೋದರಮಾವ ಜಗತ್ತು ಬಲ್ಲ ಪ್ರೊಫೆಸರ್ ಆಗಿದ್ದರೆ ಈ ದಾರಿ ತೆರೆಯುತ್ತದೆ. ಪೋಲೆಂಡಿನ ಹಳ್ಳಿಯ ಚಪ್ಪಲಿ ಹೊಲಿಯುವವನಿಗೆ ಯಾವ ದಿವಾನರ ಪರಿಚಯ? ಬೀದರಿನ ವರವಟ್ಟಿಯಲ್ಲಿ 1948ರಲ್ಲಿ ರಜಾಕಾರರು ಮನೆಗೆ ಬೆಂಕಿಯಿಟ್ಟಾಗ ಕಾಂಗ್ರೆಸ್ ನಾಯಕ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸೋದರಿ ಸತ್ತರು, ತಂದೆ ಮತ್ತು ಆಗಿನ್ನೂ ಪುಟ್ಟ ಹುಡುಗನಾಗಿದ್ದ ಖರ್ಗೆ ಉಳಿದರು. ಅಲ್ಲಿ ಯಾರೂ ಏನನ್ನೂ ತೂಗಿ ನೋಡಿ ತೀರ್ಮಾನಿಸಿರಲಿಲ್ಲ. ಬಡವರ ಪಾಲಿಗೆ, ದಲಿತರ ಪಾಲಿಗೆ ಜೊತೆಗಿರುವುದೂ ಅಗಲುವುದೂ ಹೆಚ್ಚಿನ ಸಲ ಆಯ್ಕೆಯೇ ಆಗಿರುವುದಿಲ್ಲ.

ಇಲ್ಲಿಗೆ ಬಂದಾಗ ಎರಡೂ ಪಕ್ಷಗಳು ಅಷ್ಟಾಗಿ ನೋಡದ ಒಂದು ಸಂಗತಿಯತ್ತ ಬೆರಳು ತೋರಿಸಬೇಕೆನಿಸುತ್ತದೆ. ತಂದೆತಾಯಿಯನ್ನು ಬಿಟ್ಟು ಮಕ್ಕಳು ಮಾತ್ರ ಬರಬಹುದು ಎಂಬುದು ದೈವಲಿಖಿತವಾಗಿರಲಿಲ್ಲ, ಬ್ರಿಟಿಷ್ ಸರ್ಕಾರ ಹಾಕಿದ ಷರತ್ತಾಗಿತ್ತು. ಒಂದೊಂದು ಮಗುವಿಗೂ 50 ಪೌಂಡಿನ ಜಾಮೀನು ಕೇಳಿದ್ದೂ ಅದೇ ಸರ್ಕಾರ. ನಿರುದ್ಯೋಗದ ಕಾಲದಲ್ಲಿ ದೊಡ್ಡವರನ್ನು ಬಿಟ್ಟುಕೊಂಡರೆ ಜನ ಸಿಡಿದೇಳುತ್ತಾರೆ, ಆಗ ಮಕ್ಕಳಿಗೂ ಬಾಗಿಲು ಮುಚ್ಚುತ್ತದೆ ಎಂಬುದು ಸರ್ಕಾರದ ಪರವಾದ ಸಮರ್ಥನೆ. ಅದರಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದಲ್ಲಿ 20,000 ಮಕ್ಕಳನ್ನು ಕರೆತರುವ ವ್ಯಾಗ್ನರ್-ರೋಜರ್ಸ್ ಮಸೂದೆ 1939ರಲ್ಲಿ ಮತಕ್ಕೂ ಬಾರದೆ ಸತ್ತಿತು. ಆಗ ಕುಟುಂಬ ಒಡೆಯಬಾರದು ಎಂಬ ಮಾತೂ ವಿರೋಧಿಗಳ ಬಾಯಲ್ಲಿ ಬಂತು. ಕುಟುಂಬದ ಹೆಸರಿನಲ್ಲಿ ಮಕ್ಕಳನ್ನೂ ತಡೆದ ಅಂಥ ಪ್ರೀತಿಗಿಂತ ಮಕ್ಕಳನ್ನಾದರೂ ಬಿಟ್ಟುಕೊಂಡ ಬ್ರಿಟನ್ ಎಷ್ಟೋ ಮೇಲು. ಆದರೆ ಅದೇ ವರ್ಷಗಳಲ್ಲಿ ಮನೆಗೆಲಸದ ಪರವಾನಗಿಯ ಮೇಲೆ ಸುಮಾರು 20,000 ಮಂದಿ, ಬಹುಪಾಲು ಹೆಂಗಸರು, ಬ್ರಿಟನ್ನಿಗೆ ಬಂದದ್ದೂ ಉಂಟು. ಅಡುಗೆಮನೆಗೆ ಆಳು ಬೇಕಾದಾಗ ಬಾಗಿಲು ಇನ್ನಷ್ಟು ತೆರೆಯಿತು. ಮನಸ್ಸು ಮಾಡಿದ್ದರೆ ಒಂದೊಂದು ಮಗುವಿನ ಜೊತೆ ಒಬ್ಬ ತಾಯಿಯನ್ನು ಬಿಟ್ಟುಕೊಳ್ಳುವುದು ಅಸಾಧ್ಯವಾಗಿತ್ತು ಎಂದು ನಂಬುವುದು ನನಗೆ ಕಷ್ಟ.

ಹಾಗಾದರೆ ಯಾವ ಕಡೆ ವಾಲುವುದು? ಸಾವು ಬಾಗಿಲ ಬಳಿ ಬಂದಿದೆ ಎಂದು ಖಚಿತವಾದಾಗ ಅಗಲಿಕೆಯನ್ನು ಒಪ್ಪಲೇಬೇಕು ಎಂದು ತೋರುತ್ತದೆ. ಆದರೆ ಆ ತೀರ್ಮಾನ ತಂದೆತಾಯಿಯದಾಗಿರಬೇಕು, ಉಳಿಸಲು ಬಂದವರದಲ್ಲ. ಅಗಲಿಸುವಾಗಲೂ ಎಲ್ಲ ಎಳೆಗಳನ್ನೂ ಕತ್ತರಿಸಬಾರದು. 1945ರಲ್ಲಿ ತೆರೆಸಿಯನ್‌ಸ್ಟಾಟಿನಿಂದ ಇಂಗ್ಲೆಂಡಿಗೆ ತಂದ ಮೂರು ವರ್ಷದ ಆಸುಪಾಸಿನ ಆರು ಅನಾಥ ಮಕ್ಕಳನ್ನು ಆನಾ ಫ್ರಾಯ್ಡ್ ಮತ್ತು ಸೋಫಿ ಡಾನ್ ಗಮನಿಸಿ ಬರೆದದ್ದು ಇಲ್ಲಿ ಉಪಯುಕ್ತ. ಶೈಶವದಲ್ಲೇ ತಾಯಿಯನ್ನು ಕಳೆದುಕೊಂಡ ಆ ಆರೂ ಮಕ್ಕಳು ಒಬ್ಬರನ್ನೊಬ್ಬರು ಬಿಟ್ಟು ಇರುತ್ತಿರಲಿಲ್ಲ. ಒಂದನ್ನು ಮಹಡಿಯ ಮೇಲೆ ಕರೆದೊಯ್ದರೆ ಉಳಿದವು ಅದೆಲ್ಲಿ ಎಂದು ಕೇಳುತ್ತಿದ್ದವು, ತಮ್ಮ ಪಾಲಿನ ತಿಂಡಿಗಿಂತ ಮೊದಲು ಜೊತೆಯವರಿಗೆ ಕೊಡುತ್ತಿದ್ದವು. ತಾಯಿತಂದೆ ಇಲ್ಲದೆ ಹೋದರೂ ಜೊತೆಯೊಂದು ಉಳಿದರೆ ಮಗು ಪೂರ್ತಿ ಮುರಿಯುವುದಿಲ್ಲವೆಂದು ಇದರಿಂದ ಅಂದುಕೊಳ್ಳಬಹುದು. ಆರು ಮಕ್ಕಳ ಮೇಲೆ ಇಡೀ ಸಿದ್ಧಾಂತ ಕಟ್ಟುವುದು ದುಡುಕಾದೀತು ಎಂಬ ಎಚ್ಚರದೊಂದಿಗೆ.

ಈ ಮಧ್ಯದ ದಾರಿಯನ್ನು ನಮ್ಮ ಸೀಮೆಗೆ ತಂದು ನೋಡಿದರೆ ಕಾಣುವುದು ಗುಳೆ. ಬರದ ವರ್ಷಗಳಲ್ಲಿ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಚಿಕ್ಕಮಗಳೂರಿನ ಕಾಫಿ ತೋಟಕ್ಕೋ, ಕಬ್ಬು ಕಡಿಯಲಿಕ್ಕೋ ಹೋಗುವವರು ಮಕ್ಕಳನ್ನು ಅಜ್ಜಿಯ ಬಳಿ ಬಿಡುವುದೋ ಟೆಂಟಿಗೆ ಕರೆದೊಯ್ಯುವುದೋ ಎಂದು ಪ್ರತಿಸಲ ತೂಗುತ್ತಾರೆ. ಬಡತನ ಸಂಕಟವೇ ಹೊರತು ಜನಾಂಗಹತ್ಯೆ ಅಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಆದರೂ ಮಕ್ಕಳನ್ನು ಊರಲ್ಲೇ ಇಟ್ಟುಕೊಳ್ಳುವ ಋತುಮಾನದ ಹಾಸ್ಟೆಲು, ತಂದೆತಾಯಿ ದುಡಿಯುವ ಜಾಗದಲ್ಲೇ ನಡೆಯುವ ಟೆಂಟ್ ಶಾಲೆ, ಇವೆರಡರ ಪೈಕಿ ಒಂದನ್ನೇ ಸರ್ಕಾರ ಮೇಲೆಂದು ನಿರ್ಧರಿಸಬೇಕಿಲ್ಲ. ಎರಡೂ ಇರಲಿ. ಹಾಸ್ಟೆಲಿಗೆ ಬಿಟ್ಟರೆ ಅಣ್ಣತಂಗಿಯನ್ನು ಬೇರೆ ಬೇರೆ ಊರಿಗೆ ಹಾಕದಿರಲಿ, ರಿಜಿಸ್ಟರಿನಲ್ಲಿ ಅಪ್ಪ-ಅವ್ವ ದುಡಿಯುವ ಜಾಗದ ಹೆಸರು, ಮೇಸ್ತ್ರಿಯ ಫೋನ್ ನಂಬರು ಇರಲಿ. ಟೆಂಟಿಗೆ ಕರೆದೊಯ್ದರೆ ಹಳೆಯ ಶಾಲೆಯ ಹಾಜರಿ ಪುಸ್ತಕದಿಂದ ಆ ಮಗುವಿನ ಹೆಸರು ಹೊಡೆದುಹಾಕದಿರಲಿ.